ಓದುಗರ ಪ್ರಶ್ನೆ: ಮಾತುಕತೆಯೆಂದರೆ ಮಾನ್ಯತೆಯೇ?

ಪ್ರಶ್ನೆ: ಹೆಣ್ಣುಮಕ್ಕಳನ್ನು ಶಾಲೆಯಿಂದ ಹೊರಗಿಟ್ಟಿರುವ ತಾಲಿಬಾನ್ ಆಡಳಿತದೊಂದಿಗೆ ಮಾತುಕತೆಗೆ ಕೂರುವುದೆಂದರೆ ಅದಕ್ಕೆ ಮಾನ್ಯತೆ ಕೊಟ್ಟಂತಲ್ಲವೇ? ಮಾತಿನಿಂದ ಒಂದು ಶಾಲೆಯಾದರೂ ತೆರೆದಿದೆಯೇ?
– ನಿವೃತ್ತ ಶಿಕ್ಷಕಿ, ಹೊಸನಗರ ತಾಲ್ಲೂಕು

ಉತ್ತರ: ಎರಡನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳೋಣ. ತೆರೆದಿದೆ, ಆದರೆ ರಾಜಧಾನಿಯ ಮಾತುಕತೆಯಿಂದಲ್ಲ. 1996ರಿಂದ 2001ರವರೆಗಿನ ಮೊದಲ ತಾಲಿಬಾನ್ ಆಳ್ವಿಕೆಯಲ್ಲೂ ಸ್ವೀಡನ್ನಿನ ನೆರವು ಸಂಸ್ಥೆಯೊಂದು ಹಳ್ಳಿಯ ಹಿರಿಯರನ್ನು ಮುಂದಿಟ್ಟುಕೊಂಡು ಹೆಣ್ಣುಮಕ್ಕಳೂ ಕಲಿಯುವ ಶಾಲೆಗಳನ್ನು ನಡೆಸಿತ್ತು. ಶಾಲೆ ಬೇಕೆಂದು ಹುಡುಗಿಯರ ತಂದೆಯಂದಿರೇ ಕೇಳಿದಾಗ ಸ್ಥಳೀಯ ಅಧಿಕಾರಿಗೆ ಅದನ್ನು ತಳ್ಳಿಹಾಕುವುದು ಸುಲಭವಲ್ಲ. ನಮ್ಮಲ್ಲೂ ಏಳನೆಯ ತರಗತಿ ಮುಗಿಸಿದ ಹುಡುಗಿಯನ್ನು ಬಸ್ಸಿಲ್ಲದ ಊರಿನಿಂದ ಹೈಸ್ಕೂಲಿಗೆ ಕಳಿಸುವಂತೆ ಮನೆಯವರನ್ನು ಒಪ್ಪಿಸುವಾಗ, ಇಲಾಖೆಯ ಸುತ್ತೋಲೆಗಿಂತ ಊರ ಹಿರಿಯರೊಬ್ಬರು ಜಗಲಿಯಲ್ಲಿ ಕುಳಿತು ಹೇಳಿದ ಮಾತು ಹೆಚ್ಚು ನಾಟುವುದನ್ನು ನೀವೂ ಕಂಡಿರಬಹುದು. ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯುವಂತಿಲ್ಲ. ಇಲ್ಲಿ ಕಾನೂನು ಹುಡುಗಿಯ ಪರವಾಗಿದೆ, ಅಲ್ಲಿ ನಿಷೇಧವೇ ಕಾನೂನು.

ತೊಡಕಿರುವುದು ಯಾರೊಂದಿಗೆ ಮಾತನಾಡಬೇಕು ಎಂಬಲ್ಲಿ. 2022ರ ಮಾರ್ಚ್ 23ರಂದು ಹುಡುಗಿಯರ ಪ್ರೌಢಶಾಲೆಗಳು ತೆರೆಯುತ್ತವೆಂದು ಕಾಬೂಲಿನ ಶಿಕ್ಷಣ ಸಚಿವಾಲಯವೇ ಸಾರಿತ್ತು. ಆ ಬೆಳಿಗ್ಗೆ ಸಮವಸ್ತ್ರ ತೊಟ್ಟು ಬಂದವರನ್ನು ಕೆಲವೇ ಗಂಟೆಗಳಲ್ಲಿ ಮನೆಗೆ ಕಳಿಸಲಾಯಿತು. ಕೊನೆಯ ಮಾತು ಕಂದಹಾರದಲ್ಲಿರುವ ತಾಲಿಬಾನಿನ ಪರಮೋಚ್ಚ ನಾಯಕ ಹಿಬತುಲ್ಲಾ ಅಖುಂದ್‌ಜಾದಾ ಅವರದು. ವಿದೇಶಾಂಗ ಖಾತೆಯ ಉಪಸಚಿವರಾಗಿದ್ದ ಸ್ತಾನಿಕ್‌ಜೈ (ಡೆಹ್ರಾಡೂನಿನ ಸೇನಾ ಅಕಾಡೆಮಿಯಲ್ಲಿ ತರಬೇತಿ ಪಡೆದವರು) 2025ರ ಜನವರಿಯಲ್ಲಿ ಈ ನಿಷೇಧವನ್ನು ಬಹಿರಂಗವಾಗಿ ಟೀಕಿಸಿದರು. ಬಳಿಕ ಅವರು ದೇಶ ಬಿಟ್ಟರೆಂಬ ಸುದ್ದಿ ಬಂತು. ಅದೇ ವರ್ಷದ ಅಕ್ಟೋಬರಿನಲ್ಲಿ ದೆಹಲಿಗೆ ಬಂದ ವಿದೇಶಾಂಗ ಸಚಿವ ಮುತ್ತಕಿಯವರು ಹೆಣ್ಣುಮಕ್ಕಳ ಶಿಕ್ಷಣವನ್ನು ಹರಾಮ್ ಎಂದು ತಾವು ಘೋಷಿಸಿಲ್ಲವೆಂದರು. ಮೊದಲ ಪತ್ರಿಕಾಗೋಷ್ಠಿಯಿಂದ ಪತ್ರಕರ್ತೆಯರನ್ನು ಹೊರಗಿಟ್ಟು, ಟೀಕೆ ಎದ್ದ ಮೇಲೆ ಎರಡನೆಯದಕ್ಕೆ ಕರೆದದ್ದೂ ಅವರೇ. ತಮಗೇನಾದರೂ ಬೇಕಾಗಿರುವ ಜಾಗದಲ್ಲಿ ಅವರು ಬಗ್ಗುತ್ತಾರೆ; ಮಾತನಾಡುವವರು ಹಿಡಿಯಬೇಕಾದ ಎಳೆ ಇದೇ.

ಇನ್ನು ಮಾನ್ಯತೆಯ ಪ್ರಶ್ನೆ. ಎದುರು ಕುಳಿತ ಮಾತ್ರಕ್ಕೆ ಮಾನ್ಯತೆ ಸಂದಂತಾಗುವುದಿಲ್ಲ. ಆದರೆ 2024ರಲ್ಲಿ ದೋಹಾದಲ್ಲಿ ವಿಶ್ವಸಂಸ್ಥೆ ಕರೆದ ಸಭೆಗೆ ತಾಲಿಬಾನ್ ಪ್ರತಿನಿಧಿಗಳು ಬಂದಾಗ, ಆ ಮಾತುಕತೆಯಲ್ಲಿ ಅಫ್ಗನ್ ಮಹಿಳೆಯರಿಗೆ ಸ್ಥಾನವಿರಲಿಲ್ಲ. ಅವರೊಂದಿಗೆ ಬೇರೆಯಾಗಿ ಮಾತನಾಡಲಾಯಿತು. ನನ್ನ ದೃಷ್ಟಿಯಲ್ಲಿ ನೀವು ಅಂಜುವ ಮಾನ್ಯತೆ ಸಂದದ್ದು ಅಲ್ಲಿ. ಮಹಿಳೆಯರನ್ನು ಹೊರಗಿಡುವ ಅಂಥ ಷರತ್ತಿಗೆ ಒಪ್ಪದೆ, ಇಂದಿಗೂ ಅನುಮತಿಯಿರುವ ಆರನೆಯ ತರಗತಿವರೆಗಿನ ಓದನ್ನಾದರೂ ಹಳ್ಳಿಹಳ್ಳಿಯಲ್ಲಿ ಉಳಿಸಿಕೊಳ್ಳುವ ಮಾತುಕತೆಯನ್ನು ನಾನು ಬೆಂಬಲಿಸುತ್ತೇನೆ.