ಮ್ಯಾಪ್ ತೋರಿಸುವ ಪ್ರಯಾಣದ ಅವಧಿಯನ್ನು ಎಷ್ಟು ನಂಬಬಹುದು?

ಬನಶಂಕರಿಯಿಂದ ಮಾರತ್ತಹಳ್ಳಿಯ ಕಚೇರಿಗೆ ಬೆಳಿಗ್ಗೆ 8.20ಕ್ಕೆ ಕಾರಿನಲ್ಲಿ ಹೊರಡುವಾಗ ಮ್ಯಾಪ್ ಹೆಚ್ಚೂಕಡಿಮೆ ದಿನವೂ 62 ನಿಮಿಷ ತೋರಿಸುತ್ತದೆ, ಆದರೂ 9.30ರ ಕೆಲಸಕ್ಕೆ ಆಗಾಗ ತಡವಾಗುತ್ತಿದೆ, ಹಾಗಾದರೆ ಮ್ಯಾಪ್ ಹೇಳುವುದು ಸುಳ್ಳೇ ಎಂದು ನೀವು ಕೇಳಿದ್ದೀರಿ. ಸಾರಿಗೆ ಯೋಜನೆಯ ಲೆಕ್ಕಾಚಾರದಲ್ಲಿ ಕೆಲವು ವರ್ಷ ಕೆಲಸ ಮಾಡಿದ ರೂಢಿಯಿಂದ, ನೀವು ಬರೆದಿಟ್ಟಿರುವ 20 ದಿನಗಳ ಅವಧಿಯನ್ನು ಮೊದಲು ಏರಿಕೆಯ ಕ್ರಮದಲ್ಲಿ ಜೋಡಿಸಿಕೊಂಡೆ: 52, 54, 55, 56, 57, 58, 60, 60, 61, 62, 63, 64, 66, 68, 72, 76, 80, 83, 95, 118.

ಇದರಲ್ಲಿ 62 ನಿಮಿಷ ಅಥವಾ ಅದಕ್ಕಿಂತ ಕಡಿಮೆ ಹಿಡಿದ ದಿನಗಳು ಹತ್ತು, ಹೆಚ್ಚು ಹಿಡಿದವು ಹತ್ತು. ಅಂದರೆ ಮ್ಯಾಪ್ ಕೊಟ್ಟ ಸಂಖ್ಯೆ ಸರಿಯಾಗಿ ನಟ್ಟನಡುವೆ ಬಂದು ಕೂತಿದೆ; ಅದನ್ನು ನಂಬಿ ಹೊರಟವನು ಎರಡು ದಿನಕ್ಕೊಮ್ಮೆ ತಡವಾಗಿ ತಲುಪುವುದು ಲೆಕ್ಕಕ್ಕೆ ತಕ್ಕಂತೆಯೇ ಇದೆ. ಸರಾಸರಿ 68 ನಿಮಿಷ, ಅದನ್ನು ಹಿಡಿದು ಹೊರಟರೂ ಆರು ದಿನ ತಡ. ದಾರಿ ಎಷ್ಟೇ ಖಾಲಿಯಿದ್ದರೂ ಅವಧಿ ಒಂದು ಮಿತಿಗಿಂತ ಕೆಳಗೆ ಇಳಿಯಲು ಸಾಧ್ಯವಿಲ್ಲ, ಆದರೆ ಮೇಲಕ್ಕೆ ಹೋಗಲು ಮಿತಿಯೇ ಇಲ್ಲ. ಒಳ್ಳೆಯ ದಿನ ಹತ್ತು ನಿಮಿಷ ಉಳಿಸಿಕೊಟ್ಟರೆ ಕೆಟ್ಟ ದಿನ ಐವತ್ತು ನಿಮಿಷ ಕಿತ್ತುಕೊಳ್ಳುತ್ತದೆ. ನಗರಗಳನ್ನು ಹೋಲಿಸುವ ಸೂಚ್ಯಂಕಗಳೂ ಹೆಚ್ಚಾಗಿ ಸರಾಸರಿಯನ್ನೇ ಅಳೆಯುತ್ತವೆ. ದಾರಿ ತೋರಿಸುವ ತಂತ್ರಜ್ಞಾನದ ಕಂಪನಿ ಟಾಮ್‌ಟಾಮ್‌ನ 2019ರ ಪಟ್ಟಿಯಲ್ಲಿ ಬೆಂಗಳೂರು ಶೇ. 71ರ ದಟ್ಟಣೆಯೊಂದಿಗೆ, ಅಂದರೆ ಖಾಲಿ ರಸ್ತೆಗಿಂತ ಸರಾಸರಿ ಅಷ್ಟು ಹೆಚ್ಚು ಸಮಯ ಹಿಡಿಯುತ್ತ, ಜಗತ್ತಿಗೇ ಮೊದಲನೆಯದಾಗಿತ್ತು. ನಾಳೆ ಬೆಳಿಗ್ಗೆ ನೀವು ಎಷ್ಟು ಹೊತ್ತಿಗೆ ಹೊರಡಬೇಕೆಂಬುದನ್ನು ಆ 71 ಹೇಳಲಾರದು.

ಸಾರಿಗೆ ತಜ್ಞರು ಇಂಥಲ್ಲಿ ನೂರರಲ್ಲಿ ತೊಂಬತ್ತೈದು ಪ್ರಯಾಣಗಳು ಎಷ್ಟು ಸಮಯದೊಳಗೆ ಮುಗಿಯುತ್ತವೆ ಎಂದು ನೋಡುತ್ತಾರೆ. ನಿಮ್ಮ ಪಟ್ಟಿಯಲ್ಲಿ ಅದು ಹತ್ತೊಂಬತ್ತನೆಯ ಸಂಖ್ಯೆ, 95 ನಿಮಿಷ. ತಿಂಗಳಿಗೆ ಸುಮಾರು 20 ಕೆಲಸದ ದಿನಗಳಿರುವುದರಿಂದ, 95 ನಿಮಿಷ ಮುಂಚೆ ಹೊರಟರೆ ತಿಂಗಳಿಗೊಮ್ಮೆ ಮಾತ್ರ ತಡ. ಇದಕ್ಕೆ ತೆರಬೇಕಾದ ಬೆಲೆಯೂ ಸಣ್ಣದಲ್ಲ: ಉಳಿದ ದಿನಗಳಲ್ಲಿ ಬೇಗ ತಲುಪಿ ಕಾಯುವ ಸಮಯವನ್ನೆಲ್ಲ ಕೂಡಿಸಿದರೆ ತಿಂಗಳಿಗೆ ಒಂಬತ್ತು ಗಂಟೆ ದಾಟುತ್ತದೆ. ಕಚೇರಿಯಲ್ಲಿ ಹತ್ತು ನಿಮಿಷದ ವಿನಾಯಿತಿ ಇದ್ದರೆ 85 ನಿಮಿಷ ಸಾಕು.

ರಸ್ತೆ ಏಕೆ ಹೀಗೆ ವರ್ತಿಸುತ್ತದೆ ಎಂಬುದನ್ನು ಒಂದು ಕಾಲ್ಪನಿಕ ಲೆಕ್ಕದಿಂದ ವಿವರಿಸುತ್ತೇನೆ. ನಿಮಿಷಕ್ಕೆ 100 ವಾಹನಗಳು ದಾಟಬಲ್ಲ ಜಾಗಕ್ಕೆ 60 ವಾಹನಗಳು ಬರುತ್ತಿವೆ ಎಂದುಕೊಳ್ಳಿ. ಒಂದು ಬಸ್ಸು ಕೆಟ್ಟು ನಿಂತು, ಹತ್ತು ನಿಮಿಷ ಅರ್ಧ ರಸ್ತೆ ಕಟ್ಟಿದರೆ 100 ವಾಹನಗಳು ಸಾಲುಗಟ್ಟುತ್ತವೆ, ಬಸ್ಸನ್ನು ಎಳೆದ ಮೇಲೆ ಎರಡೂವರೆ ನಿಮಿಷದಲ್ಲಿ ಸಾಲು ಕರಗುತ್ತದೆ. ಅದೇ ಜಾಗಕ್ಕೆ ನಿಮಿಷಕ್ಕೆ 95 ವಾಹನಗಳು ಬರುತ್ತಿದ್ದರೆ ಅಷ್ಟೇ ಹೊತ್ತಿನಲ್ಲಿ 450 ವಾಹನಗಳು ನಿಲ್ಲುತ್ತವೆ. ಕರಗಿಸಲು ಉಳಿದಿರುವ ಅವಕಾಶ ನಿಮಿಷಕ್ಕೆ ಐದು ವಾಹನಗಳಷ್ಟೇ ಆದ್ದರಿಂದ ಪೂರ್ತಿ ಸಡಿಲಾಗಲು ಒಂದೂವರೆ ಗಂಟೆ ಬೇಕು. ಬಸ್ಸು ಹೋಗಿ ಎಷ್ಟೋ ಹೊತ್ತಾದ ಮೇಲೆ ಬಂದವರು, ಏನೂ ಕಾಣದೆ, ಇಷ್ಟು ಹೊತ್ತು ಯಾಕೆ ನಿಂತಿದ್ದೆವು ಎಂದು ಬೈದುಕೊಳ್ಳುವುದು ಇದರಿಂದಲೇ. ಸಿಲ್ಕ್ ಬೋರ್ಡ್, ಅಗರ, ಇಬ್ಬಲೂರುಗಳನ್ನು ದಾಟುವ ನಿಮ್ಮ ಔಟರ್ ರಿಂಗ್ ರಸ್ತೆ ಬೆಳಿಗ್ಗೆ ಈ ಎರಡನೆಯ ಸ್ಥಿತಿಯಲ್ಲಿರುತ್ತದೆ. ಸರ್ಜಾಪುರ ರಸ್ತೆ ಬಂದು ಸೇರುವ ಇಬ್ಬಲೂರಿನಲ್ಲಿ ನಿಂತ ಸಾಲು ಹಿಂದಕ್ಕೆ ಬೆಳೆಯುತ್ತ ಹೋಗುವುದರಿಂದ, ಅತ್ತ ಹೋಗಬೇಕಿಲ್ಲದವರೂ ಅದರಲ್ಲಿ ಸಿಕ್ಕಿಕೊಳ್ಳುತ್ತಾರೆ. ಹೊರಡುವಾಗ ಮ್ಯಾಪ್ ಲೆಕ್ಕ ಹಾಕುವುದು ಆಗಿನ ವೇಗವನ್ನೂ ಹಿಂದಿನ ದಿನಗಳ ರೂಢಿಯನ್ನೂ ಸೇರಿಸಿ; ಇನ್ನು ಅರ್ಧ ಗಂಟೆಗೆ ಕೆಟ್ಟು ನಿಲ್ಲಲಿರುವ ಬಸ್ಸು ಅದಕ್ಕೆ ಗೊತ್ತಾಗುವುದಾದರೂ ಹೇಗೆ? ಇನ್ನು 2022ರ ಸೆಪ್ಟೆಂಬರ್ ಮೊದಲ ವಾರ ಬೆಳ್ಳಂದೂರಿನ ಸುತ್ತ ನೀರು ನಿಂತು, ಜನ ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋದಂಥ ದಿನಗಳಿಗೆ ಯಾವ ಮುಂಗಡ ಸಮಯವೂ ಸಾಲದು; ಅವನ್ನು ಲೆಕ್ಕದಿಂದ ಹೊರಗಿಡಿ.

ಒಂದು ಎಚ್ಚರಿಕೆ: ನಿಮ್ಮ 95 ನಿಮಿಷ 8.20ರ ರಸ್ತೆಗೆ ಸೇರಿದ್ದು. 7.55ಕ್ಕೆ ಹೊರಟರೆ ರಸ್ತೆ ಅಷ್ಟು ತುಂಬಿರದೆ, ಬೇಕಾಗುವ ಅವಧಿಯೇ ಕಡಿಮೆಯಾಗಬಹುದು, ಅದಕ್ಕಿಂತ ಮುಖ್ಯವಾಗಿ ಏರಿಳಿತವೂ ತಗ್ಗಬಹುದು. ಆದ್ದರಿಂದ ಎರಡು ವಾರ 8.00ಕ್ಕೆ ಹೊರಟು, ವಾರದ ದಿನವನ್ನೂ ಮಳೆಯನ್ನೂ ಪಕ್ಕದಲ್ಲಿ ಗುರುತಿಸುತ್ತ ಮತ್ತೆ ಬರೆದಿಡಿ. ಗೂಗಲ್ ಮ್ಯಾಪ್ಸ್‌ನಲ್ಲಿ ಹೊರಡುವ ಸಮಯವನ್ನು ಹಿಂದಿನ ರಾತ್ರಿಯೇ ನಮೂದಿಸಿದರೆ ಅದು ಒಂದೇ ಸಂಖ್ಯೆಯ ಬದಲು ಕನಿಷ್ಠ-ಗರಿಷ್ಠ ಎರಡನ್ನೂ ತೋರಿಸುತ್ತದೆ. ಅದರಲ್ಲಿ ದೊಡ್ಡದನ್ನು ನೋಡುವುದು ನನ್ನ ಅಭ್ಯಾಸ.

ಮೆಟ್ರೋ ಬಗ್ಗೆಯೂ ಕೇಳಿದ್ದೀರಿ. ಬನಶಂಕರಿಯಿಂದ ಆರ್.ವಿ. ರಸ್ತೆಗೆ ಹೋಗಿ, 2025ರ ಆಗಸ್ಟ್‌ನಲ್ಲಿ ಆರಂಭವಾದ ಹಳದಿ ಮಾರ್ಗ ಹಿಡಿದರೆ ಸಿಲ್ಕ್ ಬೋರ್ಡ್‌ವರೆಗಿನ ಅವಧಿ ದಿನದಿಂದ ದಿನಕ್ಕೆ ಹೆಚ್ಚು ಬದಲಾಗುವುದಿಲ್ಲ. ಆದರೆ ನಿಮ್ಮ 118 ನಿಮಿಷದ ದಿನ ಹುಟ್ಟಿದ್ದು ಅಲ್ಲಿಂದ ಆಚೆಗೆ ಎಂದು ನೀವೇ ಬರೆದಿದ್ದೀರಿ, ಮತ್ತು ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಕಡೆಗಿನ ನೀಲಿ ಮಾರ್ಗ ತೆರೆಯುವವರೆಗೆ ಆ ಭಾಗವನ್ನು ನೀವು ಬಸ್ಸಿನಲ್ಲಿ, ಅದೇ ರಸ್ತೆಯ ಮೇಲೆಯೇ ದಾಟಬೇಕಾಗುತ್ತದೆ.