ಜೇಡ್ ಗಿಡದ ಎಲೆ ಮುಟ್ಟಿದರೆ ಸಾಕು ಉದುರುತ್ತದೆ. ನೀರು ಕಮ್ಮಿ ಆಯ್ತಾ, ಜಾಸ್ತಿ ಆಯ್ತಾ?

ನಿಮ್ಮ ಪ್ರಶ್ನೆಯಿಂದ ನನಗೆ ತಿಳಿದದ್ದು ಇಷ್ಟು. ಬೆಂಗಳೂರಿನ ಫ್ಲ್ಯಾಟು. ಗೃಹಪ್ರವೇಶಕ್ಕೆ ಬಂದ ಜೇಡ್ ಗಿಡ, ಪುಟ್ಟ ದುಂಡು ಎಲೆ, ಕೆಂಪು ಕಾಂಡ. ಪಿಂಗಾಣಿ ಕುಂಡದಲ್ಲಿ ಟಿವಿ ಪಕ್ಕ ಇಟ್ಟಿದ್ದೀರಿ. ಮಳೆಗಾಲ ಶುರುವಾದಾಗಿನಿಂದ ಎಲೆ ಉದುರುತ್ತಿದೆ. ಉಳಿದ ಎಲೆ ಸುಕ್ಕಾಗಿದ್ದು ನೋಡಿ ಬಾಯಾರಿಕೆ ಇರಬೇಕು ಅಂತ ದಿನ ಬಿಟ್ಟು ದಿನ ನೀರು ಹಾಕಿದಿರಿ. ಉದುರುವುದು ಇನ್ನೂ ಜಾಸ್ತಿ ಆಯಿತು.

ಸದ್ಯಕ್ಕೆ ನೀರು ನಿಲ್ಲಿಸಿ. ಗಿಡ ಎಷ್ಟೇ ಬಾಡಿದಂತೆ ಕಂಡರೂ ಹಾಕಬೇಡಿ.

ಎಲೆ ಸುಕ್ಕಾಗುವುದು ಎಂದರೆ ಎಲೆಯಲ್ಲಿ ನೀರಿಲ್ಲ ಅಂತ ಮಾತ್ರ. ಮಣ್ಣಲ್ಲಿ ನೀರಿಲ್ಲ ಅಂತ ಅಲ್ಲ. ಮಣ್ಣು ಸದಾ ಒದ್ದೆಯಾಗಿದ್ದರೆ ಬೇರಿಗೆ ಗಾಳಿ ಸಿಗುವುದಿಲ್ಲ. ಬೇರು ಸಾಯುತ್ತದೆ, ಶಿಲೀಂಧ್ರ ಸೇರಿಕೊಂಡು ಕೊಳೆಯುತ್ತದೆ. ಬೇರೇ ಇಲ್ಲದ ಮೇಲೆ ಕುಂಡದ ತುಂಬ ನೀರಿದ್ದರೂ ಗಿಡಕ್ಕೆ ಹೀರಲು ಆಗುವುದಿಲ್ಲ. ಆಗ ಅದು ತನ್ನ ಎಲೆಯಲ್ಲಿ ಕೂಡಿಟ್ಟ ನೀರನ್ನೇ ಖರ್ಚು ಮಾಡುತ್ತದೆ. ನಮಗೆ ಕಾಣುವುದು ಸುಕ್ಕು. ನಾವು ಮತ್ತೆ ನೀರು ಸುರಿಯುತ್ತೇವೆ. ಮನೆಯೊಳಗಿನ ಜೇಡ್ ಗಿಡಗಳಲ್ಲಿ ಬಹಳಷ್ಟು ಹೋಗುವುದು ಹೀಗೇ, ಅಕ್ಕರೆ ಜಾಸ್ತಿಯಾಗಿ.

ಆದರೆ ಸುಮ್ನೆ ಊಹೆ ಮಾಡುವುದು ಬೇಡ, ನೋಡಿಯೇ ಬಿಡಿ. ಉರಿದು ಉಳಿದ ಊದುಬತ್ತಿಯ ಬರೀ ಕಡ್ಡಿ ಇರುತ್ತದಲ್ಲ, ಒಂದು ಉದ್ದನೆಯದನ್ನು ಕುಂಡದ ತಳ ಮುಟ್ಟುವವರೆಗೆ ಚುಚ್ಚಿ. ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಕಡ್ಡಿಗೆ ಮಣ್ಣು ಅಂಟಿದ್ದರೆ, ತಣ್ಣಗಿದ್ದರೆ, ಒಳಗೆ ಒದ್ದೆ ಇದೆ. ಮೇಲಿನ ಮಣ್ಣು ಮುಟ್ಟಿ ನೋಡುವುದರಿಂದ ಏನೂ ಗೊತ್ತಾಗುವುದಿಲ್ಲ. ಮೇಲೆ ಪುಡಿ ಪುಡಿ ಇದ್ದು ಒಂದು ಗೇಣು ಕೆಳಗೆ ಕೆಸರು ಇರುವ ಕುಂಡಗಳು ಬೇಕಾದಷ್ಟಿವೆ.

ಈಗ ಉದುರಿದ ಎಲೆಗಳನ್ನು ಕೈಗೆತ್ತಿಕೊಳ್ಳಿ. ಹಳದಿ ತಿರುಗಿ, ಆಚೆ ಈಚೆ ಕಾಣುವಷ್ಟು ಪಾರದರ್ಶಕವಾಗಿ, ಹಿಚುಕಿದರೆ ನೀರು ಬಂದರೆ ನೀರು ಜಾಸ್ತಿಯಾಗಿದೆ, ಅದರಲ್ಲಿ ಅನುಮಾನ ಬೇಡ. ಎಲೆ ತೆಳ್ಳಗೆ ಸುಕ್ಕಾಗಿದ್ದು ಮಣ್ಣು ತಳದವರೆಗೂ ಒಣಗಿದ್ದರೆ ನಿಜವಾದ ಬಾಯಾರಿಕೆ. ಅಂಥ ಗಿಡಕ್ಕೆ ಒಮ್ಮೆ ಚೆನ್ನಾಗಿ ನೀರು ಕೊಟ್ಟರೆ ಎರಡು ಮೂರು ದಿನದಲ್ಲಿ ಎಲೆ ತುಂಬಿಕೊಳ್ಳುತ್ತದೆ. ತುಂಬಿಕೊಳ್ಳದಿದ್ದರೆ ಬೇರು ಹೋಗಿದೆ. ಎಲೆ ಹಸಿರಾಗಿ, ದುಂಡಗೆ, ಚೆನ್ನಾಗಿಯೇ ಇದ್ದೂ ಮುಟ್ಟಿದರೆ ಬೀಳುತ್ತಿದ್ದರೆ ಬೆಳಕು ಸಾಲುತ್ತಿಲ್ಲ ಅಂತ ಅನುಮಾನಿಸಿ. ಕೊಂಬೆಯಲ್ಲಿ ಒಂದು ಜೊತೆ ಎಲೆಗೂ ಮುಂದಿನ ಜೊತೆಗೂ ನಡುವೆ ಅಂತರ ಹೆಚ್ಚುತ್ತಾ ಹೋಗಿದ್ದರೆ ಅದು ಖಚಿತ. ಕೆಳಗಿನ ಹಳೆಯ ಎಲೆ ಆಗಾಗ ಒಂದೊಂದು ಒಣಗಿ ಬೀಳುವುದು ಮಾತ್ರ ಸಹಜ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ನೀವು ಹೇಳಿದ ಗುರುತು ನೋಡಿದರೆ ನಿಮ್ಮದು ಪೋರ್ಟುಲಕೇರಿಯಾ ಆಫ್ರಾ. ನಮ್ಮ ನರ್ಸರಿಗಳಲ್ಲಿ ಜೇಡ್ ಅಂತ ಮಾರುವುದು ಹೆಚ್ಚಾಗಿ ಇದನ್ನೇ. ಬೇರೆ ದೇಶದವರ ವಿಡಿಯೋಗಳಲ್ಲಿ ಬರುವ, ಹೆಬ್ಬೆರಳಿನಷ್ಟು ದೊಡ್ಡ ಎಲೆಯ ಜೇಡ್ ಬೇರೆ ಗಿಡ, ಕ್ರಾಸುಲಾ ಒವಾಟಾ. ಎರಡೂ ದಕ್ಷಿಣ ಆಫ್ರಿಕಾ ಕಡೆಯವು, ಆರೈಕೆಯೂ ಹೆಚ್ಚು ಕಮ್ಮಿ ಒಂದೇ. ಪೋರ್ಟುಲಕೇರಿಯಾ ಅಲ್ಲಿ ಬಟ್ಟಬಯಲ ಬಿಸಿಲಲ್ಲಿ ಪೊದೆಯಾಗಿ ಬೆಳೆಯುತ್ತದೆ, ಆನೆಗಳು ಮೇಯುತ್ತವೆ, ಮುರಿದು ಬಿದ್ದ ಕೊಂಬೆ ಅಲ್ಲೇ ಬೇರು ಬಿಡುತ್ತದೆ. ಅಂಥದ್ದನ್ನು ತಂದು ನಾವು ಟಿವಿ ಪಕ್ಕ ಇಡುತ್ತೇವೆ! ಮನೆಯಲ್ಲಿ ಬೆಕ್ಕು ನಾಯಿ ಇದ್ದರೆ ಇನ್ನೊಂದು ವಿಷಯ: ಕ್ರಾಸುಲಾ ಅವುಗಳಿಗೆ ವಿಷ, ನಿಮ್ಮದು ಅಲ್ಲ.

ಕಡ್ಡಿ ಒದ್ದೆ ಬಂದರೆ ಗಿಡವನ್ನು ಕುಂಡದಿಂದ ತೆಗೆಯಲೇಬೇಕು. ತೆಗೆದಾಗ ಬೇರಿನ ನಡುವೆ ಗಟ್ಟಿ ಕೆಮ್ಮಣ್ಣಿನ ಉಂಡೆ ಸಿಕ್ಕರೆ ಆಶ್ಚರ್ಯಪಡಬೇಡಿ. ಸಾಗಿಸುವಾಗ ಗಿಡ ಅಲುಗಾಡಬಾರದು ಅಂತ ನರ್ಸರಿಯವರು ಹೀಗೆ ಮಣ್ಣು ಕಟ್ಟುತ್ತಾರೆ. ಆ ಉಂಡೆ ಒಮ್ಮೆ ನೆಂದರೆ ವಾರಗಟ್ಟಲೆ ಒಣಗುವುದಿಲ್ಲ, ಪೂರ್ತಿ ಒಣಗಿದರೆ ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಸುತ್ತ ಎಷ್ಟು ಒಳ್ಳೆ ಮಣ್ಣು ಹಾಕಿದರೂ ಬೇರು ಇರುವುದು ಅದರೊಳಗೇ ಅಲ್ವಾ? ಬಕೆಟ್ ನೀರಲ್ಲಿ ಅರ್ಧ ಗಂಟೆ ನೆನೆಸಿ, ಬೆರಳಲ್ಲಿ ಮೆಲ್ಲಗೆ ಬಿಡಿಸಿ ತೊಳೆದು ಬಿಡಿ.

ಬಿಳಿ ಅಥವಾ ಕೆನೆ ಬಣ್ಣದ, ಗಟ್ಟಿಯಾದ ಬೇರು ಜೀವಂತ. ಕಪ್ಪಾಗಿ, ಎಳೆದರೆ ಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಕೈಗೆ ಬಂದರೆ ಕೊಳೆತದ್ದು. ಕೊಳೆತದ್ದನ್ನೆಲ್ಲ ಕತ್ತರಿಸಿ. ಪ್ರತಿ ಸಲ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿಕೊಳ್ಳಿ. ಗಿಡದ ಬುಡವೂ ಮೆತ್ತಗೆ ಕಪ್ಪಾಗಿದ್ದರೆ ಆ ಬುಡದ ಆಸೆ ಬಿಡಿ. ಮೇಲಕ್ಕೆ ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತಾ ಹೋಗಿ. ಕಾಂಡದ ಒಳಗೆ ಕಂದು ಕಲೆ ಒಂದೂ ಇಲ್ಲದೆ ಶುಭ್ರವಾಗಿ ಕಂಡಲ್ಲಿ ನಿಲ್ಲಿಸಿ. ಆ ಕೊಂಬೆಯಿಂದಲೇ ಹೊಸ ಗಿಡ ಆಗುತ್ತದೆ. ಉದುರಿದ ಎಲೆಯನ್ನು ಮಣ್ಣ ಮೇಲಿಟ್ಟು ಕಾಯುವುದು ಕ್ರಾಸುಲಾಕ್ಕೆ ಸರಿ. ಪೋರ್ಟುಲಕೇರಿಯಾದಲ್ಲಿ ಎಲೆಯಿಂದ ಚಿಗುರು ಬರುವುದು ಅಪರೂಪ.

ಕತ್ತರಿಸಿದ್ದನ್ನು ಅವತ್ತೇ ನೆಡಬೇಡಿ. ಗಾಳಿಯಾಡುವ ನೆರಳಲ್ಲಿ ನಾಲ್ಕೈದು ದಿನ, ಈ ಮಳೆಯ ತಂಡಿಯಲ್ಲಿ ಬೇಕಾದರೆ ಒಂದು ವಾರ, ಹಾಗೇ ಮಲಗಿಸಿಡಿ. ಗಾಯ ಒಣಗಿ ಹೊಪ್ಪಳೆ ಕಟ್ಟಬೇಕು. ಸಾಯುವುದಿಲ್ಲ, ಎಲೆಯಲ್ಲೇ ನೀರಿದೆ. ಗಾಯಕ್ಕೆ ದಾಲ್ಚಿನ್ನಿ ಪುಡಿ, ಅರಿಶಿನ ಹಚ್ಚಿ ಅನ್ನುವವರಿದ್ದಾರೆ. ಹಚ್ಚಿದರೆ ನಷ್ಟವಿಲ್ಲ, ಆದರೆ ಕೆಲಸ ಮಾಡುವುದು ಒಣಗಿಸುವಿಕೆಯೇ ಅನ್ನುವುದು ನನ್ನ ಅಭಿಪ್ರಾಯ.

ಮಣ್ಣಿಗೆ: ಎರಡು ಪಾಲು ಒರಟು ವಸ್ತು, ಒಂದು ಪಾಲು ಕೆಮ್ಮಣ್ಣು, ಅರ್ಧ ಪಾಲು ಎರೆಗೊಬ್ಬರ. ಒರಟು ಅಂದರೆ ಪರ್ಲೈಟ್, ಪ್ಯೂಮಿಸ್ (ಎರಡೂ ಸಣ್ಣ ತೂತುಗಳಿರುವ ಹಗುರ ಕಲ್ಲಿನ ಹರಳು), ಅಥವಾ ಕುಟ್ಟಿ ಜರಡಿ ಹಿಡಿದ ಇಟ್ಟಿಗೆ ಚೂರು. ಕಾಸು ಖರ್ಚಿಲ್ಲದ ಇಟ್ಟಿಗೆ ಚೂರೇ ನನಗಿಷ್ಟ. ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಬಳಸುವುದಾದರೆ ನುಣ್ಣನೆಯ ಪುಡಿಯನ್ನು ಜರಡಿ ಹಿಡಿದು ತೆಗೆಯಿರಿ, ಇಲ್ಲದಿದ್ದರೆ ಮಣ್ಣು ಗಟ್ಟಿಯಾಗುತ್ತದೆ. ಬರೀ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬೇಡವೇ ಬೇಡ.

ಕುಂಡಕ್ಕೆ ತೂತು ಇದೆಯಾ ಅಂತ ನೀವು ಬರೆದಿಲ್ಲ. ಇಲ್ಲದಿದ್ದರೆ ಅದರಲ್ಲಿ ನೆಡಬೇಡಿ. ತಳಕ್ಕೆ ಒಂದು ಪದರ ಜಲ್ಲಿ ಹಾಕಿದರೆ ಆಯ್ತು ಅನ್ನುವುದು ತಪ್ಪು, ನೀರು ಆ ಪದರದ ಮೇಲಿನ ಮಣ್ಣಲ್ಲೇ ನಿಲ್ಲುತ್ತದೆ. ತೂತಿರುವ ಚಿಕ್ಕ ಮಣ್ಣಿನ ಕುಂಡ ಸಾಕು, ಬೇರಿಗಿಂತ ಒಂದಿಂಚು ಅಗಲ.

ನೆಟ್ಟು ಒಂದು ವಾರ ನೀರಿಲ್ಲ. ಆಮೇಲೆ ಸ್ವಲ್ಪ ಸ್ವಲ್ಪ. ಕೊಂಬೆಯನ್ನು ಮೆಲ್ಲಗೆ ಎಳೆದಾಗ ಮಣ್ಣು ಹಿಡಿದುಕೊಂಡಂತೆ ಅನಿಸಿದರೆ ಬೇರು ಬಂದಿದೆ ಎಂದರ್ಥ. ಅಲ್ಲಿಂದ ಮುಂದೆ ಕಡ್ಡಿ ಪೂರ್ತಿ ಒಣಗಿ ಬಂದ ಮೇಲೆ ಮಾತ್ರ, ತೂತಿನಿಂದ ಹರಿಯುವಷ್ಟು ನೀರು ಹಾಕಿ. ವಾರಕ್ಕೊಮ್ಮೆ, ಹತ್ತು ದಿನಕ್ಕೊಮ್ಮೆ ಅನ್ನುವ ಲೆಕ್ಕಗಳನ್ನು ನಂಬಬೇಡಿ. ಏಪ್ರಿಲ್‌ನ ಬೆಂಗಳೂರು ಬೇರೆ, ಜುಲೈನ ಬೆಂಗಳೂರು ಬೇರೆ.

ಜಾಗ ಬದಲಾಯಿಸಿ. ಪೂರ್ವದ ಬಾಲ್ಕನಿ ಇದ್ದರೆ ಬೆಳಗಿನ ಬಿಸಿಲು ಬೀಳುವಲ್ಲಿ, ಮಳೆ ಎರಚಲು ತಾಗದಂತೆ ಇಡಿ. ಒಂದೇ ದಿನದಲ್ಲಿ ನೆತ್ತಿಯ ಬಿಸಿಲಿಗೆ ಇಟ್ಟರೆ ಎಲೆ ಸುಡುತ್ತದೆ, ಎರಡು ವಾರದಲ್ಲಿ ಮೆಲ್ಲಗೆ ಅಭ್ಯಾಸ ಮಾಡಿಸಿ.

ಇನ್ನು ಎಲೆಯ ಸಂದಿಯಲ್ಲಿ ಹತ್ತಿಯಂಥ ಬಿಳಿ ಏನಾದರೂ ಕಂಡರೆ, ಕಾಂಡದ ಮೇಲೆ ಇರುವೆ ಓಡಾಡುತ್ತಿದ್ದರೆ ಅದು ಹಿಟ್ಟು ತಿಗಣೆ. ಸ್ಪಿರಿಟ್‌ನಲ್ಲಿ ಅದ್ದಿದ ಕಿವಿಕಡ್ಡಿಯಿಂದ ಒರೆಸಿ. ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಸೇರಿಸಿ ಸಂಜೆ ಹೊತ್ತು ಸಿಂಪಡಿಸಿ, ವಾರ ಬಿಟ್ಟು ಮತ್ತೊಮ್ಮೆ. ಬೇರು ತೊಳೆಯುವಾಗ ಅಲ್ಲೂ ನೋಡಿ, ಈ ಹುಳು ಮಣ್ಣೊಳಗೂ ಇರುತ್ತದೆ.

ಹೊಸ ಚಿಗುರು ಬರುವವರೆಗೂ ಹಳೆ ಎಲೆ ಇನ್ನಷ್ಟು ಉದುರಬಹುದು. ಆಗ ಟಾನಿಕ್, ಗೊಬ್ಬರ ಅಂತ ಏನೂ ಹಾಕಬೇಡಿ. ಕತ್ತರಿಸಿದ ಕಾಂಡದ ಒಳಭಾಗದ ಫೋಟೋ ಹಾಕಿದರೆ ಇನ್ನೂ ಎಷ್ಟು ತೆಗೆಯಬೇಕು ಅಂತ ನೋಡಿ ಹೇಳುತ್ತೇನೆ.