ಟ್ರಂಕಿನಲ್ಲಿ ಸಿಕ್ಕ ಸಿಡಿ

ತೀರ್ಥಹಳ್ಳಿಯ ಓದುಗರೊಬ್ಬರು ಬರೆದಿದ್ದಾರೆ: ‘ಅಟ್ಟ ಗುಡಿಸುವಾಗ ಹಳೇ ಟ್ರಂಕಿನಲ್ಲಿ ಒಂದು ಎಂಪಿ3 ಸಿಡಿ ಸಿಕ್ಕಿತು. ಮೇಲೆ ಮಾರ್ಕರ್ ಪೆನ್ನಿನಲ್ಲಿ “150 ಹಾಡು” ಅಂತ ಬರೆದಿದೆ. 2001ರಲ್ಲಿ ಶಿವಮೊಗ್ಗ ಬಸ್‌ಸ್ಟ್ಯಾಂಡ್ ಹತ್ತಿರ ಕೊಂಡಿದ್ದು. ಇದು ಕದ್ದ ಮಾಲು ಅಂತ ಮಗಳು ನಗುತ್ತಾಳೆ. ದುಡ್ಡು ಕೊಟ್ಟು ತಂದದ್ದು ಕಳ್ಳತನ ಹೇಗಾಗುತ್ತೆ?’

ಸಂಪಾದಕರ ಉತ್ತರ: ಮಗಳು ಹೇಳಿದ್ದೇ ಸರಿ. ನೀವು ದುಡ್ಡು ಕೊಟ್ಟಿರಿ, ಹಾಡಿದವರಿಗೆ ಅದರಲ್ಲಿ ಒಂದು ಪೈಸೆಯೂ ಹೋಗಿಲ್ಲ. ಮಾಮೂಲಿ ಸಿಡಿಯಲ್ಲಿ 15–20 ಹಾಡು ಹಿಡಿದರೆ ಜಾಸ್ತಿ. 150 ಅಂದಾಗಲೇ ಅನುಮಾನ ಬರಬೇಕಿತ್ತು. ನನಗೂ ಬರಲಿಲ್ಲ ಬಿಡಿ.

ಅಷ್ಟು ಹಾಡು ಹಿಡಿದಿದ್ದು ಎಂಪಿ3 ಎಂಬ, ಹಾಡಿನ ಫೈಲು ಚಿಕ್ಕದು ಮಾಡುವ ವಿಧಾನದಿಂದ. ಅದರ ಹಿಂದಿನ ದೊಡ್ಡ ಕೈಚಳಕ ಜರ್ಮನಿಯ ಫ್ರೌನ್‌ಹೋಫರ್ ಸಂಶೋಧನಾ ಸಂಸ್ಥೆಯವರದು. ಜೋರು ಸದ್ದಿನ ಪಕ್ಕದ ಸಣ್ಣ ಸದ್ದು ನಮ್ಮ ಕಿವಿಗೆ ಬೀಳುವುದಿಲ್ಲ. ಮಳೆಗಾಲದಲ್ಲಿ ಹೆಂಚಿನ ಮೇಲೆ ಮಳೆ ಬಡಿಯುವಾಗ ಗಡಿಯಾರದ ಟಿಕ್‌ಟಿಕ್ ಕೇಳಿಸುತ್ತಾ? ಕೇಳಿಸದ್ದನ್ನು ಯಾಕೆ ಇಟ್ಟುಕೊಳ್ಳಬೇಕು ಅಂತ ಎಂಪಿ3 ಅದನ್ನು ಬಿಟ್ಟುಬಿಡುತ್ತದೆ. ಸುಮಾರು 40 ಎಂಬಿಯ ಹಾಡು 4 ಎಂಬಿಗೆ ಇಳಿಯುತ್ತದೆ.

1999ರಲ್ಲಿ ಅಮೆರಿಕದಲ್ಲಿ ನ್ಯಾಪ್‌ಸ್ಟರ್ ಅನ್ನುವ ಹಾಡು ಹಂಚುವ ಇಂಟರ್ನೆಟ್ ಸೇವೆ ಶುರುವಾಯಿತು. ಒಬ್ಬರ ಕಂಪ್ಯೂಟರಿನ ಹಾಡು ಇನ್ನೊಬ್ಬರಿಗೆ ಪುಕ್ಕಟೆ. ಹಾಡಿನ ಕಂಪನಿಗಳು ಅದೇ ವರ್ಷ ಕೋರ್ಟಿಗೆ ಹೋದವು, 2001ರಲ್ಲಿ ಅದು ಬಾಗಿಲು ಹಾಕಿತು. ನಮ್ಮಲ್ಲಿ ಫೋನ್ ಲೈನಿನ ಇಂಟರ್ನೆಟ್. ಲೈನ್ ಚೆನ್ನಾಗಿದ್ದರೂ ಒಂದು ಹಾಡಿಗೆ 10 ನಿಮಿಷ, ನಡುವೆ ಕರೆಂಟು ಹೋದರೆ ಮತ್ತೆ ಮೊದಲಿಂದ. ಹಾಗಾಗಿ ನಮಗೆ ಹಾಡುಗಳು ಬಸ್ಸಿನಲ್ಲೇ ಬಂದವು, ನಿಮ್ಮ ಸಿಡಿಯ ಹಾಗೆ.

ಕಾಪಿ ಚಟ ಮಾತ್ರ ಹಳೆಯದು. ಕ್ಯಾಸೆಟ್ ಕಾಲದಲ್ಲಿ ಹೊಸನಗರದ ಕಡೆ ಒಂದು ಯಕ್ಷಗಾನಕ್ಕೆ ಹೋಗಿದ್ದೆ. ರಂಗಸ್ಥಳದ ಅಂಚಿನಲ್ಲಿ ಸಾಲಾಗಿ ಐದಾರು ಟೇಪ್‌ರೆಕಾರ್ಡರ್. ಕ್ಯಾಸೆಟ್ ಮಗುಚಿ ಹಾಕಲು ಒಬ್ಬ ಹುಡುಗ ಬೆಳಗಿನವರೆಗೂ ಎಚ್ಚರವಿದ್ದ. ಪದ ಹಾಡುವ ಭಾಗವತರು ಬೈಯ್ಯುತ್ತಾರೆ ಅಂದುಕೊಂಡಿದ್ದೆ. ಆಟ ಮುಗಿದ ಮೇಲೆ ಅವರೇ ಬಂದು, ‘ನನಗೂ ಒಂದು ಕಾಪಿ ಮಾಡಿಕೊಡ್ರೋ, ನನ್ನ ಪದ ನನ್ನ ಹತ್ರಾನೇ ಇಲ್ಲ’ ಅಂದರು.

1994ರ ಕಾಪಿರೈಟ್ ತಿದ್ದುಪಡಿಯ ನಂತರ ಕಲಾವಿದರಿಗೂ ತಮ್ಮ ಪ್ರದರ್ಶನದ ಮೇಲೆ ಹಕ್ಕಿದೆ, ಸ್ವಂತ ಬಳಕೆಯಂಥ ಕೆಲವು ಸಂದರ್ಭ ಬಿಟ್ಟರೆ ಕೇಳದೆ ರೆಕಾರ್ಡ್ ಮಾಡುವಂತಿಲ್ಲ. ಕಾನೂನು ನ್ಯಾಯವಾಗಿಯೇ ಇದೆ. ಆದರೆ ಆ ಹುಡುಗ ನಿದ್ದೆಗೆಡದಿದ್ದರೆ ಆ ರಾತ್ರಿಯ ಪದ ಇವತ್ತು ಎಲ್ಲೂ ಇರುತ್ತಿರಲಿಲ್ಲ. ಸಿನಿಮಾ ಹಾಡಿನ ಕಳ್ಳ ಸಿಡಿಯನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನಗೆ ಮನಸ್ಸು ಬರುವುದಿಲ್ಲ.

ಸಿಡಿಯನ್ನು ಮಗಳ ಕೈಗೆ ಕೊಡಿ, ನಗಲಿ. ಆದರೆ ಟ್ರಂಕಿನ ತಳದಲ್ಲಿ ಯಕ್ಷಗಾನದ ಕ್ಯಾಸೆಟ್ ಏನಾದರೂ ಇದ್ದರೆ, ಬೂಸ್ಟು ಹಿಡಿಯುವ ಮುಂಚೆ ನಮಗೊಂದು ಮಾತು ತಿಳಿಸಿ.